ಬಂಧುಗಳು ಕೊಡುವ ಹಳೆ ಬಟ್ಟೆ, ತೊಟ್ಟಿಲು, ವಾಕರ್: ಮಗುವಿಗೆ ಯಾವುದು ಆಗುತ್ತೆ, ಯಾವುದು ಬೇಡ?

"ಬೇರೆ ಮಕ್ಕಳು ಬಳಸಿದ ಬಟ್ಟೆ, ತೊಟ್ಟಿಲು ನಿಮ್ಮ ಮಗುವಿಗೆ ಬೇಡವೇ ಬೇಡ. ಅದರಲ್ಲಿ ಕಣ್ಣಿಗೆ ಕಾಣದ ರೋಗಾಣುಗಳು ವರ್ಷಗಟ್ಟಲೆ ಬದುಕಿರುತ್ತವೆ. ಎಲ್ಲ ತಾಯಂದಿರಿಗೂ ತಪ್ಪದೆ ಕಳುಹಿಸಿ."

ಓದುಗರೊಬ್ಬರು ಇಂಥದೊಂದು ವಾಟ್ಸ್‌ಆ್ಯಪ್ ಸಂದೇಶವನ್ನು ನಮಗೆ ಕಳುಹಿಸಿ, ಇದು ನಿಜವೇ ಎಂದು ಕೇಳಿದ್ದಾರೆ. ಅವರಿಗೆ ಈಗ ಏಳು ತಿಂಗಳು. ಅತ್ತಿಗೆ ಎರಡು ಚೀಲ ಬಟ್ಟೆ ಮತ್ತು ಒಂದು ವಾಕರ್ ಎತ್ತಿಟ್ಟಿದ್ದಾರೆ. ಅತ್ತೆ ಅಟ್ಟದ ಮೇಲಿನ ತೊಟ್ಟಿಲು ಇಳಿಸಿದ್ದಾರೆ. ಅಮೆರಿಕದಿಂದ ಬರುತ್ತಿರುವ ನಾದಿನಿ "ಇದರಲ್ಲಿ ಹಾಕಿದ ಕೂಡಲೇ ಕೂಸು ಮಲಗಿಬಿಡುತ್ತೆ" ಎಂದು ಓರೆಯಾಗಿ ಮಡಚುವ ಪುಟ್ಟ ಹಾಸಿಗೆಯೊಂದನ್ನು ಸೂಟ್‌ಕೇಸಿಗೆ ಹಾಕಿಕೊಂಡಿದ್ದಾರೆ. ಬೇಡ ಎಂದರೆ ಅವರಿಗೆ ಬೇಜಾರು, ತೆಗೆದುಕೊಂಡರೆ ಇವರಿಗೆ ಭಯ.

ಸಂದೇಶದಲ್ಲಿ ಹೇಳಿರುವುದು ಬಹುಮಟ್ಟಿಗೆ ತಪ್ಪು. ಹಾಗೆಂದು "ನಾವೆಲ್ಲ ಅದರಲ್ಲೇ ಬೆಳೆದವರು, ಏನಾಯ್ತು ಈಗ?" ಎಂಬ ಮಾತನ್ನೂ ಪೂರ್ತಿ ಒಪ್ಪುವಂತಿಲ್ಲ. ವಸ್ತು ಹಳೆಯದೋ ಹೊಸದೋ ಎನ್ನುವುದಕ್ಕಿಂತ ಮೂರು ಸಂಗತಿ ಕೇಳಿಕೊಳ್ಳುವುದು ಉಪಯೋಗ. ಮಗು ಇದರಲ್ಲಿ ನಿದ್ದೆ ಮಾಡುತ್ತದೆಯೇ? ಅಪಘಾತವಾದರೆ ಮಗುವಿನ ಜೀವ ಇದರ ಮೇಲೆ ನಿಂತಿದೆಯೇ? ಇಷ್ಟು ವರ್ಷ ಇದನ್ನು ಯಾವುದರ ಜೊತೆ ಇಟ್ಟಿದ್ದರು?

ಮೂರನೆಯ ಪ್ರಶ್ನೆಯನ್ನು ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಅದರಿಂದಲೇ ಶುರು ಮಾಡೋಣ.

ಬಟ್ಟೆ ಮತ್ತು ಡಾಂಬರು ಗುಳಿಗೆ

ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಹುಟ್ಟಿದ ಕೂಸಿಗೆ ನಾಮಕರಣದವರೆಗೆ ಹೊಸ ಬಟ್ಟೆ ಹಾಕುವುದಿಲ್ಲ. ಅಜ್ಜಿಯ ಹಳೆ ಸೀರೆಯನ್ನೋ ಅಜ್ಜನ ಪಂಚೆಯನ್ನೋ ಹರಿದು ಸುತ್ತುತ್ತಾರೆ, ಇಲ್ಲವೇ ಚೆನ್ನಾಗಿ ಬೆಳೆದ ಇನ್ನೊಂದು ಮಗುವಿನ ಅಂಗಿ ಕೇಳಿ ತರುತ್ತಾರೆ. ಆ ಮಗುವಿನ ಆಯಸ್ಸು ಇದಕ್ಕೂ ಬರುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ, ಆದರೆ ಪದ್ಧತಿಯಲ್ಲಿ ಹುರುಳಿದೆ. ಹೊಸ ಬಟ್ಟೆಯಲ್ಲಿ ಗಂಜಿ ಇರುತ್ತದೆ, ಬಿಡುವ ಬಣ್ಣ ಇರುತ್ತದೆ, ಸುಕ್ಕು ಬೀಳದಂತೆ ಹಾಕಿದ ರಾಸಾಯನಿಕಗಳೂ ಇರಬಹುದು. ಎಳೆಯ ಚರ್ಮಕ್ಕೆ ಇವು ಕಿರಿಕಿರಿ ಮಾಡುತ್ತವೆ. ಹತ್ತಾರು ಸಲ ಒಗೆದ ಹತ್ತಿ ಬಟ್ಟೆಯಲ್ಲಿ ಇದರ ಬಹುಪಾಲು ತೊಳೆದುಹೋಗಿರುತ್ತದೆ.

ರೋಗಾಣುಗಳ ವಿಷಯಕ್ಕೆ ಬಂದರೆ, ಬಿಸಿನೀರಿನಲ್ಲಿ ಸೋಪು ಹಾಕಿ ಒಗೆದು, ಬಿಸಿಲಿಗೆ ಒಣಗಿಸಿ, ಇಸ್ತ್ರಿ ಮಾಡಿದರೆ ಸಾಕು. ಹೆಚ್ಚು ಜನ ಹೆದರುವುದು ಕಜ್ಜಿಗೆ. ಕಜ್ಜಿ ಹುಳು ಮನುಷ್ಯನ ಮೈಯಿಂದ ದೂರವಾದರೆ ಸಾಮಾನ್ಯವಾಗಿ ಎರಡು ಮೂರು ದಿನಕ್ಕಿಂತ ಹೆಚ್ಚು ಬದುಕುವುದಿಲ್ಲ. ಅತ್ತಿಗೆಯ ಮಗನಿಗೆ ಈಗ ನಾಲ್ಕು ವರ್ಷ ಅಂದರೆ, ಅವನ ಎಳೆತನದ ಅಂಗಿಯಲ್ಲಿ ಅದು ಕಾದು ಕುಳಿತಿರಲು ಸಾಧ್ಯವಿಲ್ಲ.

ಅದೇ ನಾಲ್ಕು ವರ್ಷ ಆ ಅಂಗಿ ಟ್ರಂಕಿನಲ್ಲಿ ಬಿಳಿ ಗುಳಿಗೆಗಳ ಜೊತೆ ಇದ್ದರೆ ಮಾತು ಬೇರೆ. ನುಸಿ ಗುಳಿಗೆ, ಡಾಂಬರು ಗುಳಿಗೆ ಎಂದು ಕರೆಯುವ ಇವುಗಳಲ್ಲಿ ಸಾಮಾನ್ಯವಾಗಿ ಇರುವುದು ನ್ಯಾಫ್ತಲೀನ್. ಗುಳಿಗೆ ದಿನೇ ದಿನೇ ಸಣ್ಣದಾಗುತ್ತದಲ್ಲ, ಅದು ಆವಿಯಾಗಿ ಬಟ್ಟೆಯೊಳಗೆ ಸೇರುತ್ತಿರುತ್ತದೆ.

ನಮ್ಮ ಕೆಂಪು ರಕ್ತಕಣಗಳನ್ನು ಕಾಪಾಡುವ ಜಿ6ಪಿಡಿ ಎಂಬ ಕಿಣ್ವವಿದೆ. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಇದು ಕಡಿಮೆ. ಈ ಕೊರತೆಯ ಜೀನ್ ಇರುವುದು ಎಕ್ಸ್ ವರ್ಣತಂತುವಿನಲ್ಲಿ, ಹಾಗಾಗಿ ಗಂಡುಮಕ್ಕಳಲ್ಲಿ ಹೆಚ್ಚು ಕಾಣುತ್ತದೆ. ಅಂಥ ಕೂಸಿನ ಮೈಗೆ ಚರ್ಮದ ಮೂಲಕವೋ ಉಸಿರಿನ ಮೂಲಕವೋ ನ್ಯಾಫ್ತಲೀನ್ ಸೇರಿದರೆ ರಕ್ತಕಣಗಳು ಒಡೆಯತೊಡಗುತ್ತವೆ. ರಕ್ತ ಕಡಿಮೆಯಾಗುತ್ತದೆ, ಕಾಮಾಲೆ ಏರುತ್ತದೆ. ಕಾಮಾಲೆ ಮಿತಿಮೀರಿದರೆ ಬಿಲಿರುಬಿನ್ ಮೆದುಳಿಗೆ ಇಳಿದು ಶಾಶ್ವತ ಹಾನಿ ಮಾಡುತ್ತದೆ. ಗುಳಿಗೆ ಹಾಕಿಟ್ಟ ಬಟ್ಟೆ, ಹೊದಿಕೆ ಬಳಸಿದ ನಂತರ ನವಜಾತ ಶಿಶುಗಳಿಗೆ ಹೀಗಾದ ಪ್ರಕರಣಗಳು ಹಲವು ದೇಶಗಳ ವೈದ್ಯಕೀಯ ಪತ್ರಿಕೆಗಳಲ್ಲಿ ದಶಕಗಳಿಂದ ದಾಖಲಾಗಿವೆ. ಸಾವುಗಳೂ ಆಗಿವೆ.

ಇನ್ನೊಂದು ಮಾತು ನಮ್ಮವರಿಗೇ ಮುಖ್ಯ. ನ್ಯಾಫ್ತಲೀನ್ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಎಣ್ಣೆ ಹಚ್ಚಿದ ಚರ್ಮ ಅದನ್ನು ಬೇಗ ಹೀರಿಕೊಳ್ಳುತ್ತದೆ. ಬಾಣಂತನದಲ್ಲಿ ನಾವು ಮಾಡುವುದೇನು? ಕೂಸಿಗೆ ದಿನವೂ ಎಣ್ಣೆ ತಿಕ್ಕಿ, ನೀರು ಹಾಕಿ, ಟ್ರಂಕಿನಿಂದ ತೆಗೆದ ಮೆತ್ತನೆಯ ಬಟ್ಟೆಯಲ್ಲಿ ತಲೆಯಿಂದ ಕಾಲಿನವರೆಗೆ ಸುತ್ತಿ ಮಲಗಿಸುತ್ತೇವೆ.

ಜಿ6ಪಿಡಿ ಕೊರತೆ ಇದೆಯೇ ಎಂದು ಹುಟ್ಟಿದ ಎಲ್ಲ ಮಕ್ಕಳಿಗೂ ಪರೀಕ್ಷೆ ಮಾಡುವ ರೂಢಿ ನಮ್ಮಲ್ಲಿಲ್ಲ. ಆದ್ದರಿಂದ ನಿಮ್ಮ ಮಗುವಿಗೂ ಇರಬಹುದು ಎಂದುಕೊಂಡೇ ನಡೆಯುವುದು ಕ್ಷೇಮ. ಬಟ್ಟೆ ಬಂದ ಕೂಡಲೇ ಮೂಸಿ ನೋಡಿ. ಗುಳಿಗೆ ವಾಸನೆ ಇದ್ದರೆ ಹಲವು ದಿನ ಗಾಳಿ ಬಿಸಿಲಿಗೆ ಹರವಿ, ಒಗೆದು, ಮತ್ತೆ ಹರವಿ. ಒಂದು ಸಲ ಒಗೆದರೆ ಹೋಗುವುದಿಲ್ಲ. ಎಷ್ಟು ಮಾಡಿದರೂ ವಾಸನೆ ಉಳಿದರೆ ಕೂಸಿನ ಹತ್ತಿರ ತರಬೇಡಿ. ಉಣ್ಣೆ ಶಾಲು, ರಗ್ಗು, ಕುಲಾವಿಗೂ ಇದೇ ಮಾತು. ಗುಳಿಗೆ ಬದಲು ಕರ್ಪೂರ ಇಡುತ್ತೇವೆ ಎನ್ನುವವರಿದ್ದಾರೆ. ಕರ್ಪೂರ ಮಗುವಿನ ಹೊಟ್ಟೆಗೆ ಹೋದರೆ ಫಿಟ್ಸ್ ಬರುತ್ತದೆ, ಅದೂ ಬೇಡ.

ಕೂಸಿನ ಕಣ್ಣು, ಮೈ ಹಳದಿಯಾಗುವುದು, ಮೈ ಬಿಳಿಚಿಕೊಳ್ಳುವುದು, ಮೂತ್ರ ಕಾಫಿ ಬಣ್ಣಕ್ಕೆ ತಿರುಗುವುದು, ಹಾಲು ಕುಡಿಯದೆ ಮಂಕಾಗಿ ಮಲಗಿರುವುದು, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಿ. ಬಟ್ಟೆಯಲ್ಲಿ ಗುಳಿಗೆ ಇತ್ತು ಎಂಬುದನ್ನು ವೈದ್ಯರಿಗೆ ನೀವಾಗಿಯೇ ಹೇಳಿ. ಅವರಿಗೆ ಅದು ಹೊಳೆಯದೇ ಇರಬಹುದು.

ಮಲಗುವ ಜಾಗ

ಧಾರವಾಡ ಜಿಲ್ಲೆಯ ಕಲಘಟಗಿ ಬಣ್ಣದ ತೊಟ್ಟಿಲಿಗೆ ಹೆಸರುವಾಸಿ. ಅಂಥದೊಂದು ನಿಮ್ಮ ಅಟ್ಟದಲ್ಲಿದ್ದರೆ ಅದೃಷ್ಟ. ಇಳಿಸಿ, ಒರೆಸಿ, ಆಮೇಲೆ ಒಂದು ಸ್ಕೇಲು ಹಿಡಿದುಕೊಳ್ಳಿ. ಪಕ್ಕದ ಪಟ್ಟಿಗಳ ನಡುವಿನ ಸಂದು 6 ಸೆಂಟಿಮೀಟರಿಗಿಂತ ಹೆಚ್ಚಿರಬಾರದು. ಹೆಚ್ಚಿದ್ದರೆ ಮಗುವಿನ ಮೈ ತೂರಿ ತಲೆ ಸಿಕ್ಕಿಕೊಳ್ಳುತ್ತದೆ. ಸರಪಳಿ, ಕೊಂಡಿ ಸವೆದಿದೆಯೇ ನೋಡಿ, ಮಗುವಿಗಿಂತ ಮೊದಲು ಹತ್ತು ಕೆಜಿ ಅಕ್ಕಿ ಚೀಲ ಮಲಗಿಸಿ ತೂಗಿ.

ಬಣ್ಣದ್ದು ಇನ್ನೊಂದು ಕಥೆ. ನಮ್ಮ ದೇಶದಲ್ಲಿ ಮನೆಬಳಕೆಯ ಪೇಂಟಿನಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರ್ 1ರಿಂದ. ಅದಕ್ಕೂ ಮೊದಲು ಯಾರೋ "ಚೆಂದ ಕಾಣಲಿ" ಎಂದು ತೊಟ್ಟಿಲಿಗೆ ಆಯಿಲ್ ಪೇಂಟ್ ಹೊಡೆಸಿದ್ದರೆ ಅದರಲ್ಲಿ ಸೀಸ ಇರಬಹುದು. ಹಲ್ಲು ಬರುವ ಮಗು ಕೈಗೆ ಸಿಕ್ಕಿದ ಅಂಚನ್ನೆಲ್ಲ ಕಚ್ಚುತ್ತದೆ. ಬಣ್ಣ ಚಕ್ಕೆ ಏಳುತ್ತಿದ್ದರೆ ಆ ತೊಟ್ಟಿಲು ಬಳಸಬೇಡಿ. ಮನೆಯಲ್ಲೇ ಸ್ಯಾಂಡ್‌ಪೇಪರ್ ಹಿಡಿದು ಉಜ್ಜಲೂ ಹೋಗಬೇಡಿ, ಆ ದೂಳು ಇನ್ನೂ ಅಪಾಯ.

ತೊಟ್ಟಿಲು ಸರಿಯಿದ್ದರೂ ಅದರ ಹಳೆ ಹಾಸಿಗೆ ಬೇಡ ಎನ್ನುತ್ತೇವೆ. 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಸ್ಕಾಟ್ಲೆಂಡಿನ ಅಧ್ಯಯನವೊಂದು, ಬೇರೆ ಮಗು ಬಳಸಿದ ಹಾಸಿಗೆಗೂ ಶಿಶುಗಳು ನಿದ್ದೆಯಲ್ಲೇ ಹಠಾತ್ತನೆ ಸಾಯುವುದಕ್ಕೂ ನಂಟು ಕಂಡಿತು. ಹಾಸಿಗೆ ಬೇರೆ ಮನೆಯಿಂದ ಬಂದದ್ದಾದರೆ ಆ ನಂಟು ಇನ್ನೂ ಗಟ್ಟಿಯಾಗಿತ್ತು. ಹಾಸಿಗೆಯೇ ಕಾರಣ ಎಂದು ಅದರಿಂದ ಸಾಬೀತಾಗಲಿಲ್ಲ. ಆದರೆ ಬಳಸಿ ಬಳಸಿ ನಡುವೆ ಗುಳಿ ಬಿದ್ದ ಹಾಸಿಗೆ, ಬೂರುಗದ ಹತ್ತಿ ತುಂಬಿದ ತೀರಾ ಮೆತ್ತನೆಯ ಹಾಸಿಗೆ ಎರಡರಲ್ಲೂ ಕೂಸಿನ ಮೂಗು ಹೂತು ಉಸಿರು ಕಟ್ಟುವ ಅಪಾಯವಂತೂ ಇದೆ. ಕೂಸಿಗೆ ಬೇಕಾದದ್ದು ಗಟ್ಟಿಯಾದ, ಸಮತಟ್ಟಾದ ಹಾಸು. ಅಂಗಾತ ಮಲಗಿಸಬೇಕು, ಪಕ್ಕದಲ್ಲಿ ದಿಂಬು, ಗೊಂಬೆ ಇರಬಾರದು. ತಲೆ ದುಂಡಗಾಗಲಿ ಎಂದು ಮನೆಯಿಂದ ಮನೆಗೆ ಸಾಗುವ ಸಾಸಿವೆ ದಿಂಬನ್ನು ಪ್ರೀತಿಯಿಂದಲೇ ಪಕ್ಕಕ್ಕಿಡಿ. ಶಿಶುಗಳ ತಲೆಗೆ ಆಕಾರ ಕೊಡುವ ದಿಂಬುಗಳನ್ನು ಬಳಸಬೇಡಿ ಎಂದು ಅಮೆರಿಕದ ಎಫ್‌ಡಿಎ 2022ರಲ್ಲಿ ಎಚ್ಚರಿಸಿದೆ.

ಈಗ ಸೂಟ್‌ಕೇಸಿನಲ್ಲಿ ಬರುತ್ತಿರುವ ಓರೆ ಹಾಸಿಗೆ. ಅಮೆರಿಕದಲ್ಲಿ ಫಿಶರ್ ಪ್ರೈಸ್ ಕಂಪನಿಯ ರಾಕ್ ಎನ್ ಪ್ಲೇ ಎಂಬ ಇಂಥದೇ ಸ್ಲೀಪರ್ 2009ರಿಂದ ಮಾರಾಟವಾಗುತ್ತಿತ್ತು. 2019ರ ಏಪ್ರಿಲ್‌ನಲ್ಲಿ ಸುಮಾರು 47 ಲಕ್ಷ ಸ್ಲೀಪರ್‌ಗಳನ್ನು ವಾಪಸ್ ಕರೆಸಿಕೊಳ್ಳಲಾಯಿತು. ಆಗ ವರದಿಯಾಗಿದ್ದ ಶಿಶು ಮರಣ 30ಕ್ಕೂ ಹೆಚ್ಚು. 2023ರ ಜನವರಿಯಲ್ಲಿ ಅಲ್ಲಿನ ಗ್ರಾಹಕ ಸುರಕ್ಷತಾ ಆಯೋಗ ಮತ್ತೊಮ್ಮೆ ಪ್ರಕಟಣೆ ಹೊರಡಿಸುವಾಗ ಆ ಸಂಖ್ಯೆ 100ರ ಹತ್ತಿರ ಬಂದಿತ್ತು. ಅದರಲ್ಲಿ ಕನಿಷ್ಠ 8 ಸಾವುಗಳು 2019ರ ಪ್ರಕಟಣೆಯ ನಂತರ ಆದವು. ಅಂಗಡಿಯಲ್ಲಿ ಮಾರಾಟ ನಿಂತರೂ ಮನೆಗಳಲ್ಲಿದ್ದ ಸ್ಲೀಪರ್‌ಗಳು ಮನೆಗಳಲ್ಲೇ ಉಳಿದಿದ್ದವು. ಓರೆಯಾಗಿ ಮಲಗಿದ ಕೂಸಿನ ತಲೆ ಮುಂದಕ್ಕೆ ವಾಲಿ ಗಲ್ಲ ಎದೆಗೆ ತಾಗಿದರೆ ಉಸಿರಿನ ದಾರಿ ಮಡಚಿಕೊಳ್ಳುತ್ತದೆ, ತಲೆ ಎತ್ತುವ ಶಕ್ತಿ ಅದಕ್ಕಿರುವುದಿಲ್ಲ. ಹೊರಳಿದರೆ ಮುಖ ಬಟ್ಟೆಗೆ ಒತ್ತುತ್ತದೆ. ಶಬ್ದವೂ ಬರುವುದಿಲ್ಲ. 2022ರಲ್ಲಿ ಅಮೆರಿಕ ಕಾನೂನು ಮಾಡಿ, 10 ಡಿಗ್ರಿಗಿಂತ ಹೆಚ್ಚು ಓರೆಯಿರುವ ಶಿಶು ಸ್ಲೀಪರ್‌ಗಳನ್ನು ನಿಷೇಧಿಸಿತು. ಒಂದು ಬದಿ ಕೆಳಗಿಳಿಸುವ ಮರದ ಕ್ರಿಬ್‌ಗಳನ್ನು 2011ರಲ್ಲೇ ನಿಷೇಧಿಸಿತ್ತು.

ನಾದಿನಿಗೆ ಇದು ಗೊತ್ತಿರಬೇಕೆಂದೇನಿಲ್ಲ. ಅವರ ಮಗು ಅದರಲ್ಲಿ ಸುಖವಾಗಿ ಮಲಗಿ ಎದ್ದಿದೆ. ವಿದೇಶದಿಂದ ಬರುವ ಯಾವುದೇ ವಸ್ತುವಾದರೂ ಅದರ ಅಡಿಯ ಚೀಟಿಯಲ್ಲಿರುವ ಮಾಡೆಲ್ ನಂಬರ್ ಫೋಟೋ ಕಳುಹಿಸಲು ಹೇಳಿ. ಆ ಆಯೋಗದ ವೆಬ್‌ಸೈಟಿನಲ್ಲಿ ಹುಡುಕಿದರೆ ವಾಪಸ್ ಕರೆಸಿದ ಪಟ್ಟಿಯಲ್ಲಿ ಇದೆಯೇ ಎಂದು ತಿಳಿಯುತ್ತದೆ. ಸೂಟ್‌ಕೇಸ್ ತುಂಬುವ ಮೊದಲೇ ಕೇಳಿದರೆ ಇಬ್ಬರಿಗೂ ಮುಜುಗರವಿಲ್ಲ.

ವಾಕರ್: ನೇರವಾಗಿ ಬೇಡ

ವಾಕರ್‌ನಲ್ಲಿ ಕೂರಿಸಿದರೆ ಮಗು ಬೇಗ ನಡೆಯುತ್ತದೆ ಎಂಬುದು ಸುಳ್ಳು. ನೆಲದ ಮೇಲೆ ಹರಿದಾಡಿ, ಗೋಡೆ ಹಿಡಿದು ಎದ್ದು ಬಿದ್ದು ಕಲಿಯಬೇಕಾದ್ದನ್ನು ಅದು ತಪ್ಪಿಸುತ್ತದೆ, ನಡಿಗೆ ತಡವಾಗಲೂಬಹುದು. ಗಾಲಿ ಇರುವುದರಿಂದ ಮಗು ಒಂದು ಸೆಕೆಂಡಿನಲ್ಲಿ ಮೂರಡಿ ಮುಂದೆ ಹೋಗಿರುತ್ತದೆ, ನೀವು ಅಡುಗೆಮನೆಯಿಂದ ಓಡಿ ಬರುವುದರೊಳಗೆ ಮೆಟ್ಟಿಲು ಬಂದಿರುತ್ತದೆ. ಅಮೆರಿಕದಲ್ಲಿ 1990ರಿಂದ 2014ರವರೆಗೆ ವಾಕರ್‌ನಿಂದ ಗಾಯಗೊಂಡು ತುರ್ತು ಚಿಕಿತ್ಸೆಗೆ ಬಂದ 15 ತಿಂಗಳೊಳಗಿನ ಮಕ್ಕಳು ಸುಮಾರು 2.3 ಲಕ್ಷ ಎಂದು ಅಂದಾಜಿದೆ. ನಾಲ್ಕರಲ್ಲಿ ಸುಮಾರು ಮೂರು ಮಕ್ಕಳು ಮೆಟ್ಟಿಲಿನಿಂದ ಬಿದ್ದವು. ಕೆನಡಾ 2004ರಲ್ಲಿ ವಾಕರ್ ಮಾರಾಟವನ್ನೇ ನಿಷೇಧಿಸಿತು, ಹಳೆಯದನ್ನು ಮಾರುವಂತೆಯೂ ಇಲ್ಲ. ನಮ್ಮಲ್ಲಿ ಇಂದಿಗೂ ನಾಮಕರಣಕ್ಕೆ ಉಡುಗೊರೆಯಾಗಿ ಬರುತ್ತದೆ! ಹಿಂದೆ ನಿಂತು ತಳ್ಳುವ ಮರದ ಮೂರು ಗಾಲಿಯ ಗಾಡಿ ಇದಕ್ಕಿಂತ ಎಷ್ಟೋ ಮೇಲು.

ಕಾರ್ ಸೀಟ್ ಮತ್ತು ಉಳಿದವು

ಹದಿನಾಲ್ಕು ವರ್ಷದೊಳಗಿನ ಮಗುವಿಗೆ ಕಾರಿನಲ್ಲಿ ಸೀಟ್ ಬೆಲ್ಟ್ ಅಥವಾ ಮಕ್ಕಳ ಸೀಟ್ ಹಾಕದಿದ್ದರೆ, 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯಡಿ ಸಾವಿರ ರೂಪಾಯಿ ದಂಡವಿದೆ. ಹೊಸ ಸೀಟು ದುಬಾರಿ, ಹಾಗಾಗಿ ಹಳೆಯದಕ್ಕೆ ಮನಸ್ಸು ಹೋಗುವುದು ಸಹಜ. ಆದರೆ ದೊಡ್ಡ ಡಿಕ್ಕಿ ಕಂಡ ಸೀಟು ಹೊರಗೆ ಚೆನ್ನಾಗಿ ಕಂಡರೂ ಒಳಗೆ ಬಿರುಕು ಬಿಟ್ಟಿರಬಹುದು. ಪ್ಲಾಸ್ಟಿಕ್ಕಿಗೂ ಆಯಸ್ಸಿದೆ, ಸಾಮಾನ್ಯವಾಗಿ 6ರಿಂದ 10 ವರ್ಷದ ಅವಧಿಯನ್ನು ಸೀಟಿನ ಮೇಲೆಯೇ ಅಚ್ಚು ಹಾಕಿರುತ್ತಾರೆ. ಸೀಟಿನ ಪೂರ್ತಿ ಚರಿತ್ರೆ ಹೇಳಬಲ್ಲ ಸ್ವಂತ ಅಕ್ಕ ಕೊಟ್ಟರೆ ತೆಗೆದುಕೊಳ್ಳಿ. ಯಾರದೋ ಗೆಳೆಯರ ಗೆಳೆಯರದಾದರೆ ಬಿಡಿ.

ಬೆಳ್ಳಿ ಅಥವಾ ಸ್ಟೀಲಿನ ಒಳಲೆ ನಾಲ್ಕು ತಲೆಮಾರು ದಾಟಿ ಬಂದಿದ್ದರೂ ಕುದಿಸಿ ಬಳಸಬಹುದು. ಹಳೆ ಪ್ಲಾಸ್ಟಿಕ್ ಹಾಲಿನ ಬಾಟಲಿ, ನಿಪ್ಪಲ್ ಬೇಡ. ಒಬ್ಬರಿಗೆಂದೇ ಮಾಡಿದ ಬ್ರೆಸ್ಟ್ ಪಂಪ್ ಕೂಡ ಬೇಡ; ಹಾಲು ಒಳಗಿನ ಭಾಗಗಳಿಗೆ ಸೇರಿರುತ್ತದೆ, ತೊಳೆಯಲು ಕೈ ಹೋಗುವುದಿಲ್ಲ. ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾದದ್ದು 2021ರ ಜನವರಿಯಿಂದ, ಅದಕ್ಕೂ ಹಳೆಯದಾದರೆ ಬಣ್ಣ, ಬಿಡಿಭಾಗ ನೋಡಿ ಕೊಡಿ. ಬಟನ್ ಬ್ಯಾಟರಿ ಇರುವ, ಮುಚ್ಚಳ ಸಡಿಲವಾದ ಆಟಿಕೆ ಮಾತ್ರ ಮನೆಯೊಳಗೇ ಬೇಡ. ಗಂಟಲಲ್ಲಿ ಸಿಕ್ಕಿದ ಬ್ಯಾಟರಿ ಎರಡು ಗಂಟೆಯೊಳಗೆ ಅನ್ನನಾಳವನ್ನು ಸುಡುತ್ತದೆ.

ಬೇಡ ಎನ್ನುವುದು ಹೇಗೆ?

"ಡಾಕ್ಟರ್ ಬೇಡ ಅಂದಿದ್ದಾರೆ ಅತ್ತಿಗೆ" ಎನ್ನುವುದು ಸುಲಭದ ದಾರಿ. ಮುಂದಿನ ಚೆಕಪ್‌ನಲ್ಲಿ ನಿಜಕ್ಕೂ ಒಮ್ಮೆ ಕೇಳಿಬಿಡಿ, ಸುಳ್ಳು ಹೇಳಿದಂತೆಯೂ ಆಗುವುದಿಲ್ಲ. ಎರಡು ಚೀಲ ಬಟ್ಟೆಯನ್ನು ಖುಷಿಯಿಂದ ತೆಗೆದುಕೊಂಡು, ಅದರಲ್ಲೊಂದು ಅಂಗಿ ಹಾಕಿದ ಕೂಸಿನ ಫೋಟೋ ಕಳುಹಿಸಿದವರಿಗೆ ವಾಕರ್ ಒಂದನ್ನು ಬೇಡ ಎನ್ನುವುದು ಕಷ್ಟವಾಗಲಾರದು. ತೊಟ್ಟಿಲಿಗೆ ಹೊಸ ಹಾಸಿಗೆ ಹೊಲಿಸಿಕೊಡಿ ಎಂದು ಅತ್ತೆಯನ್ನೇ ಕೇಳಿ, ಗಟ್ಟಿಯಾಗಿರಲಿ ಎನ್ನಿ.

ವರ್ಷ ಕಳೆದ ಮೇಲೆ ಇದೇ ಸಾಮಾನುಗಳನ್ನು ನೀವು ಇನ್ನೊಬ್ಬರಿಗೆ ಕೊಡುತ್ತೀರಿ. ಆಗ ಜೊತೆಗೆ ಒಂದು ಚೀಟಿ ಇಡಿ: ಯಾವ ವರ್ಷ ಕೊಂಡದ್ದು, ಕಂಪನಿ, ಮಾಡೆಲ್ ನಂಬರ್, ಕಾರ್ ಸೀಟಾದರೆ ಅಪಘಾತ ಆಗಿದೆಯೇ ಇಲ್ಲವೇ, ಬಟ್ಟೆಯಾದರೆ ಡಾಂಬರು ಗುಳಿಗೆ ಹಾಕಿಟ್ಟಿದ್ದೆವೇ ಇಲ್ಲವೇ.