ಶಿವನಸಮುದ್ರದ ಹಾಳೂರು: ಕೋಟೆ ಬಿದ್ದ ಕಾಲ, ಊರು ಬರಿದಾದ ಕಾಲ

ಕೊಳ್ಳೇಗಾಲದಿಂದ ಸತ್ತೇಗಾಲ ದಾಟಿ ಕಾವೇರಿಯ ನಡುಗಡ್ಡೆಗೆ ಹೋಗುವವರಲ್ಲಿ ಬಹುಪಾಲು ಜನ ಭರಚುಕ್ಕಿಯ ನೀರು ನೋಡಲೆಂದೇ ಹೋಗುತ್ತಾರೆ. ಮಧ್ಯರಂಗನ ದರ್ಶನ ಮಾಡಿ, ಮಾರಮ್ಮನಿಗೆ ಹರಕೆ ಒಪ್ಪಿಸಿ ಹಿಂದಿರುಗುತ್ತಾರೆ. ಕಾಲಡಿಯಲ್ಲಿರುವುದು ವರ್ಷಕ್ಕೂ ಮಿಕ್ಕಿ ಮುತ್ತಿಗೆ ತಾಳಿಕೊಂಡು ಬಿದ್ದ ಒಂದು ರಾಜಧಾನಿ ಎಂಬುದು ಹೆಚ್ಚಿನವರಿಗೆ ಹೊಳೆಯುವುದಿಲ್ಲ. ಶಿವನಸಮುದ್ರವನ್ನು ಜಲಪಾತದ ಹೆಸರಾಗಿ ಅಲ್ಲ, ಯುದ್ಧದಲ್ಲಿ ಅಳಿದ ಊರಿನ ಹೆಸರಾಗಿ ಓದಬೇಕೆಂಬುದು ಈ ಲೇಖನದ ಕೋರಿಕೆ. ಹಾಗೆ ಓದಿದಾಗ ಕೋಟೆ ಬಿದ್ದ ಕಾಲ ಬೇರೆ, ಊರು ಬರಿದಾದ ಕಾಲ ಬೇರೆ ಎಂಬ ಅನುಮಾನ ಬಲಗೊಳ್ಳುತ್ತದೆ.

ಕೋಟೆ ಬಿದ್ದ ಕಥೆ ಉಮ್ಮತ್ತೂರಿನಿಂದ ತೊಡಗುತ್ತದೆ. ಯಳಂದೂರಿನ ಪಶ್ಚಿಮಕ್ಕಿರುವ ಅದು ಇಂದು ಸಾಧಾರಣ ಹಳ್ಳಿ. ಹದಿನೈದನೆಯ ಶತಮಾನದ ಕೊನೆಗೆ ಅಲ್ಲಿನ ಒಡೆಯರು ಮೈಸೂರು ಸೀಮೆಯ ದಕ್ಷಿಣಕ್ಕೆಲ್ಲ ಪ್ರಬಲರಾಗಿದ್ದರು. ವಿಜಯನಗರದ ಅಧೀನರೆನಿಸಿಕೊಂಡೇ ಪೆನುಗೊಂಡೆಯ ಮೇಲೆ ಹಕ್ಕು ಸಾರುವ ಬಿರುದನ್ನೂ ಧರಿಸಿದ್ದರು. ವಿಜಯನಗರದ ಅರಸ ವೀರನರಸಿಂಹನ ಕೊನೆಯ ದಿನಗಳಲ್ಲಿ ಈ ಮನೆತನದ ಗಂಗರಾಜ ಬಹಿರಂಗವಾಗಿಯೇ ತಿರುಗಿಬಿದ್ದ. 1509ರಲ್ಲಿ ಪಟ್ಟಕ್ಕೆ ಬಂದ ಕೃಷ್ಣದೇವರಾಯನಿಗೆ ಇದು ಮೊದಲ ಪರೀಕ್ಷೆಗಳಲ್ಲಿ ಒಂದಾಯಿತು. 1510ರಿಂದ 1512ರವರೆಗೆ ನಡೆದ ದಂಡಯಾತ್ರೆಯಲ್ಲಿ ಉಮ್ಮತ್ತೂರೂ ಶ್ರೀರಂಗಪಟ್ಟಣವೂ ಕೈವಶವಾದವು. ಉಳಿದದ್ದು ಗಂಗರಾಜನ ಕೋಟೆ ಶಿವನಸಮುದ್ರ. ಅದು ಬಿದ್ದ ಮೇಲೆ ಕೋಟೆಯನ್ನು ಕೆಡವಿದರೆಂದೂ ಗಂಗರಾಜ ಕಾವೇರಿಯಲ್ಲಿ ಮುಳುಗಿ ಸತ್ತನೆಂದೂ ಇತಿಹಾಸಕಾರರು ಬರೆದಿದ್ದಾರೆ. ಗೆದ್ದ ನಾಡು ಶ್ರೀರಂಗಪಟ್ಟಣ ಕೇಂದ್ರವಾದ ಹೊಸ ಪ್ರಾಂತವಾಯಿತು. ರಾಯನ ಮಂತ್ರಿ ತಿಮ್ಮರಸನ ತಮ್ಮ ಸಾಳುವ ಗೋವಿಂದರಾಜ ಅದರ ಅಧಿಕಾರಿಯಾದ.

ಅಷ್ಟು ದೊಡ್ಡ ಸೇನೆಯನ್ನು ಈ ಊರು ಅಷ್ಟು ದಿನ ತಡೆದದ್ದು ಹೇಗೆ? ನಡುಗಡ್ಡೆ ಸುಮಾರು 3 ಮೈಲಿ ಉದ್ದ, ಮುಕ್ಕಾಲು ಮೈಲಿ ಅಗಲ. ಕಾವೇರಿ ಇದರ ನೆತ್ತಿಯಲ್ಲಿ ಎರಡಾಗಿ ಸೀಳಿ, ಪಶ್ಚಿಮದ ಕವಲು ಗಗನಚುಕ್ಕಿಯಾಗಿ, ಪೂರ್ವದ ಕವಲು ಭರಚುಕ್ಕಿಯಾಗಿ ಧುಮುಕುತ್ತದೆ. ಕೆಳಗಿನಿಂದ ಹತ್ತಿಬರಲು ಕಂದರ ಬಿಡುವುದಿಲ್ಲ. ಮೇಲಿನಿಂದ ದಾಟೋಣವೆಂದರೆ ಮುಂಗಾರಿನ ಹೊಳೆ ಬಿಡುವುದಿಲ್ಲ. ಮುತ್ತಿಗೆ ವರ್ಷ ದಾಟಿತೆಂದರೆ ಕನಿಷ್ಠ ಒಂದು ಮಳೆಗಾಲದ ಪ್ರವಾಹ ಗಂಗರಾಜನ ಪರ ಕಾದಾಡಿತೆಂದೇ ಲೆಕ್ಕ.

ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ 1535ರ ಸುಮಾರಿಗೆ ಬರೆದ ವೃತ್ತಾಂತದಲ್ಲಿ ‘ಕಾತುಯಿರ್’ ಎಂಬ ನಾಡಿನ ಮುತ್ತಿಗೆ ಬರುತ್ತದೆ. ತುಂಬಿದ ಹೊಳೆ ಸುತ್ತುವರಿದ ಪಟ್ಟಣ. ರಾಯ ಕಾಲುವೆಗಳನ್ನು ತೋಡಿಸಿ ನೀರನ್ನು ಹಂಚಿ, ಹೊಳೆಯನ್ನು ಇಳಿಸಿ ಒಳನುಗ್ಗಿದ ಎಂಬ ವರ್ಣನೆ. ಇದು ಶಿವನಸಮುದ್ರವೇ ಎಂದು ಹೇಳುವವರಿದ್ದಾರೆ. ನನಗೆ ಅದು ಒಪ್ಪಿಗೆಯಾಗಿಲ್ಲ. ಆತ ಆ ನಾಡನ್ನು ಚೋಳಮಂಡಲದ ಕಡೆಗೆ ಇಡುತ್ತಾನೆ. ಅದಕ್ಕಿಂತ ಮುಖ್ಯವಾಗಿ, ಇಲ್ಲಿ ಕಾವೇರಿ ಹರಿಯುವುದು ಗಟ್ಟಿ ಬಂಡೆಯ ಹಾಸಿನ ಮೇಲೆ. ಹಾರೆ ಗುದ್ದಲಿಗಳಿಂದ ಇಂಥ ಹೊಳೆಯ ದಿಕ್ಕು ಬದಲಿಸುವುದಕ್ಕಿಂತ ಬೇಸಿಗೆಯವರೆಗೆ ಕಾಯುವುದು ಸುಲಭ. ಬೇಸಿಗೆಯಲ್ಲಿ ಬಂಡೆಗಳು ಮೇಲೆದ್ದು, ಬಲ್ಲವರಿಗೆ ಹಾಯುವ ದಾರಿ ಸಿಗುತ್ತದೆ.

ಐತಿಹ್ಯವೂ ಈ ಹಾಯುವ ದಾರಿಯ ಸುತ್ತಲೇ ಹೆಣೆದಿದೆ. ಮುಹೂರ್ತ ತಪ್ಪಿ ಕಟ್ಟಿದ್ದರಿಂದ ಈ ಊರಿಗೆ ಮೂರೇ ತಲೆಮಾರಿನ ಆಯುಸ್ಸು. ಮೊದಲ ಗಂಗರಾಜ, ಅವನ ಮಗ ನಂದಿರಾಜ, ಆಮೇಲೆ ಎರಡನೆಯ ಗಂಗರಾಜ. ಈ ಕೊನೆಯವನ ಇಬ್ಬರು ಹೆಣ್ಣುಮಕ್ಕಳನ್ನು ಕಿಲಿಮಲೆ ಮತ್ತು ನಗರಕೆರೆಯ ಪಾಳೆಯಗಾರರಿಗೆ ಕೊಟ್ಟಿತ್ತು. ತವರಿನ ಹಿರಿಮೆಯ ಮಾತಿನಿಂದ ಎದ್ದ ಮನಸ್ತಾಪ ಅಳಿಯಂದಿರ ಮುತ್ತಿಗೆಯಾಗಿ ಬೆಳೆಯಿತು. ಹನ್ನೆರಡು ವರ್ಷ ಕಾದರೂ ಕೋಟೆ ಮಣಿಯಲಿಲ್ಲ. ಕೊನೆಗೆ ಹೊಳೆ ಹಾಯುವ ಜಾಗವನ್ನು ದಳವಾಯಿಯೊಬ್ಬ ತೋರಿಸಿಕೊಟ್ಟ. ಶತ್ರು ಒಳಗೆ ಬಂದದ್ದು ತಿಳಿದ ಅರಸ ಜಲಪಾತಕ್ಕೆ ಹಾರಿದ. ಪಶ್ಚಾತ್ತಾಪಪಟ್ಟ ಮಕ್ಕಳೂ ಅಳಿಯಂದಿರೂ ಅವನ ಹಿಂದೆ ಹೋದರು. ಹತ್ತೊಂಬತ್ತನೆಯ ಶತಮಾನದಲ್ಲಿ ದಾಖಲಾಗಿ ಗೆಜೆಟಿಯರುಗಳಲ್ಲೂ ಸೇರಿಕೊಂಡ ಕಥೆ ಇದು.

ಈ ಕಥೆಯಲ್ಲಿ ಕೃಷ್ಣದೇವರಾಯನ ಸುಳಿವೇ ಇಲ್ಲ. ಸಾಮ್ರಾಜ್ಯದ ದಂಡು ಮಾಡಿದ ನಾಶವನ್ನು ಜನ ಮನೆಯೊಳಗಿನ ಜಗಳವನ್ನಾಗಿ ನೆನಪಿಟ್ಟುಕೊಂಡಿದ್ದಾರೆ. ಹೊಳೆಯ ಮೇಲ್ಭಾಗದ ತಲಕಾಡಿನಲ್ಲಿಯೂ ಮರಳು ಕವಿದದ್ದಕ್ಕೆ ಅಲಮೇಲಮ್ಮನ ಶಾಪವೇ ಕಾರಣವಾಗಿ ನಿಂತಿದೆ. ಆದರೂ ಐತಿಹ್ಯವನ್ನು ಕಟ್ಟುಕಥೆಯೆಂದು ತಳ್ಳಿಹಾಕಬಾರದು. ಅದರ ಕೊನೆಯ ಭಾಗವನ್ನು ಗಮನಿಸಿ: ಅರಸ ಸತ್ತ ಮೇಲೆ ಚನ್ನಪಟ್ಟಣದ ಜಗದೇವರಾಯ ಮತ್ತು ತಲಕಾಡಿನ ಶ್ರೀರಂಗರಾಜ ಊರಿನ ಜನವನ್ನೂ ಸಂಪತ್ತನ್ನೂ ಸಾಗಿಸಿಕೊಂಡು ಹೋದರಂತೆ. ಜಗದೇವರಾಯ ಚನ್ನಪಟ್ಟಣದಲ್ಲಿ ನೆಲೆಯೂರಿದ್ದು 1577ರ ಪೆನುಗೊಂಡೆ ಮುತ್ತಿಗೆಯಲ್ಲಿ ಹೆಸರು ಗಳಿಸಿದ ನಂತರ. 1512ಕ್ಕೂ ಇದಕ್ಕೂ ಅರವತ್ತು ವರ್ಷಗಳಿಗಿಂತ ಹೆಚ್ಚಿನ ಅಂತರ. ಇದನ್ನು ಐತಿಹ್ಯದ ಕಾಲದೋಷವೆಂದು ಬಿಡುವುದು ಸುಲಭ. ಎರಡು ನೆನಪುಗಳ ಬೆಸುಗೆ ಎಂದು ನೋಡಿದರೆ ಹೆಚ್ಚು ಸಂಗತಿ ಹೊರಡುತ್ತದೆ. ಕೋಟೆ 1512ರಲ್ಲಿ ಬಿತ್ತು. ಜನವಸತಿ ಮಾತ್ರ ಕುಂಟುತ್ತ ಮುಂದುವರಿದು, ಶತಮಾನದ ಕೊನೆಯ ಹೊತ್ತಿಗೆ ಪಾಳೆಯಗಾರರ ಎಳೆದಾಟದಲ್ಲಿ ಖಾಲಿಯಾಯಿತು. ನನ್ನ ಊಹೆ ಇದು. ಉತ್ಖನನ ನಡೆದರೆ ಮಡಕೆ ಚೂರುಗಳೂ ನಾಣ್ಯಗಳೂ ಇದನ್ನು ಎತ್ತಿಹಿಡಿಯಬಹುದು, ಅಲ್ಲಗಳೆಯಲೂಬಹುದು.

ಹಾಳೂರಿಗೆ ಜನ ಮತ್ತೆ ಬಂದದ್ದೂ ಯುದ್ಧದಿಂದಲೇ. 1791ರಲ್ಲಿ ಕಾರ್ನ್‌ವಾಲಿಸ್‌ನ ದಂಡು ಕಾನಕಾನಹಳ್ಳಿ ಮಾರ್ಗವಾಗಿ ಶ್ರೀರಂಗಪಟ್ಟಣಕ್ಕೆ ನಡೆದಾಗ, ಟಿಪ್ಪು ಶತ್ರುವಿಗೆ ಹುಲ್ಲುಕಡ್ಡಿಯೂ ಸಿಗದಂತೆ ಸೀಮೆಯನ್ನು ಬರಿದು ಮಾಡಿಸಿ, ಸುತ್ತಲಿನ ರೈತರನ್ನೂ ದನಕರುಗಳನ್ನೂ ಈ ನಡುಗಡ್ಡೆಗೆ ಅಟ್ಟಿಸಿದ. ಹೊಳೆಯ ಆಚೆಯ ಮಳವಳ್ಳಿಯಲ್ಲಿ 1799ರ ಮಾರ್ಚ್ 27ರಂದು ಸೋತ ಮೇಲೆ ಅವನು ಆ ಪಟ್ಟಣವನ್ನೂ ಕೆಡಿಸಿದನೆಂದು ಗೆಜೆಟಿಯರ್ ಹೇಳುತ್ತದೆ. ಹಿಂದಿನ ಯುದ್ಧದ ಹಾಳುಗೋಡೆಗಳ ನಡುವೆ ಇನ್ನೊಂದು ಯುದ್ಧದ ನಿರಾಶ್ರಿತರು ಎಮ್ಮೆ ಕಟ್ಟಿ ಕಾಲ ತಳ್ಳಿದ ಆ ದಿನಗಳ ಬಗ್ಗೆ ನಮ್ಮಲ್ಲಿ ಯಾರೂ ಬರೆಯದೆ ಹೋದದ್ದು ದುಃಖದ ಸಂಗತಿ.

ಟಿಪ್ಪುವಿನ ನಂತರ ಕೊಳ್ಳೇಗಾಲ ಕಂಪನಿಯ ಪಾಲಾಗಿ ಕೊಯಮತ್ತೂರು ಜಿಲ್ಲೆಗೆ ಸೇರಿತು. 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಈ ದಾರಿಯಾಗಿ ಬಂದಾಗ ನಡುಗಡ್ಡೆ ಕಾಡು ಬೆಳೆದು, ಹುಲಿಯ ಭಯಕ್ಕೆ ಹೆಸರಾಗಿತ್ತು. ಕಾಡು ಕಡಿಸಿ, ಹೊಳೆಯ ಎರಡೂ ಕವಲುಗಳಿಗೆ ಕಲ್ಲುಕಂಬದ ಸೇತುವೆಗಳನ್ನು ಕಟ್ಟಿಸಿದವನು ಮೈಸೂರು ರೆಸಿಡೆನ್ಸಿಯ ನೌಕರನಾಗಿದ್ದ ರಾಮಸ್ವಾಮಿ ಮೊದಲಿಯಾರ್. ಜನ ಇಂದು ವೆಸ್ಲಿ ಸೇತುವೆ ಎನ್ನುವುದು ಇವುಗಳಲ್ಲಿ ಒಂದು. ಈ ಉಪಕಾರಕ್ಕೆ ‘ಜನೋಪಕಾರ ಕಾಮಕರ್ತ’ ಎಂಬ ಬಿರುದೂ ಜಹಗೀರೂ ಅವನಿಗೆ ದೊರೆತವು.

ಯುದ್ಧದಲ್ಲಿ ಅಳಿದ ಊರನ್ನು ಉಳಿಸಿಕೊಳ್ಳುವ ಬಗೆ ಎಲ್ಲೆಡೆ ಒಂದೇ ಅಲ್ಲ. ಫ್ರಾನ್ಸಿನ ಒರಾದೂರ್ ಸುರ್ ಗ್ಲಾನ್ ಎಂಬ ಹಳ್ಳಿಯನ್ನು 1944ರ ಜೂನ್ 10ರಂದು ನಾಜಿ ಸೈನಿಕರು ಸುಟ್ಟು 640ಕ್ಕೂ ಹೆಚ್ಚು ಜನರನ್ನು ಕೊಂದರು. ಆ ಹಳ್ಳಿಯನ್ನು ಸುಟ್ಟ ಸ್ಥಿತಿಯಲ್ಲೇ ಉಳಿಸಿಕೊಂಡು, ಪಕ್ಕದಲ್ಲಿ ಹೊಸ ಊರು ಕಟ್ಟಿದರು. ಅಲ್ಲಿ ಉಳಿಸಿದ್ದು ಸರಕಾರದ ತೀರ್ಮಾನ. ಶಿವನಸಮುದ್ರದಲ್ಲಿ ಉಳಿಸಿದ್ದು ಪೂಜೆ. ರಂಗನಾಥ, ಸೋಮೇಶ್ವರ ದೇಗುಲಗಳು ದೀಪ ಆರದ ಕಾರಣಕ್ಕೆ ನಿಂತಿವೆ. ಗಗನಚುಕ್ಕಿಯ ಬಳಿಯ ಮರ್ದಾನೆ ಗೈಬ್ ದರ್ಗಾ ಹಿಂದೂ ಮುಸ್ಲಿಮರಿಬ್ಬರನ್ನೂ ಕರೆಸಿಕೊಳ್ಳುತ್ತದೆ. ಪೂಜೆಯಿಲ್ಲದ ಗೋಡೆ, ಬುರುಜು, ಬೀದಿಗಳಿಗೆ ಆ ರಕ್ಷಣೆ ದೊರೆಯಲಿಲ್ಲ. ಆಡಳಿತವೂ ಇಬ್ಭಾಗವಾಗಿದೆ: 1956ರಲ್ಲಿ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂದರೂ ಇಂದು ನಡುಗಡ್ಡೆ ಚಾಮರಾಜನಗರ ಜಿಲ್ಲೆಯಲ್ಲಿದೆ, ಪಶ್ಚಿಮದ ದಂಡೆ ಮಂಡ್ಯದಲ್ಲಿದೆ. ಆಗಬೇಕಾದ ಮೊದಲ ಕೆಲಸವೆಂದರೆ ಎರಡೂ ದಂಡೆಗಳನ್ನು ಕೂಡಿಸಿ ಒಂದೇ ನಕ್ಷೆ ಬರೆಯುವುದು. ಅದನ್ನು ನೀರು ಇಳಿಯುವ ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ, ಸತ್ತೇಗಾಲದ ಮೇಲ್ಭಾಗದ ಬಂಡೆಗಳಿಂದ ತೊಡಗಿದರೆ, ಐತಿಹ್ಯ ಹೇಳುವ ಹಾಯ್ದಾರಿ ಎಲ್ಲಿತ್ತೆಂದು ಹುಡುಕುವುದಕ್ಕೂ ಅವಕಾಶವಾಗುತ್ತದೆ.