ಕಾರ್ಬ್ಯುರೇಟರ್ ಎಂಜಿನ್‌ನ ಸ್ಟಾರ್ಟಿಂಗ್ ಮತ್ತು ಐಡ್ಲಿಂಗ್ ದೋಷಗಳು

ಕಾರ್ಬ್ಯುರೇಟರ್ ಹೊಂದಿರುವ ಪೆಟ್ರೋಲ್ ಕಾರುಗಳಲ್ಲಿ ಎಂಜಿನ್ ಸುಲಭವಾಗಿ ಸ್ಟಾರ್ಟ್ ಆಗದಿರುವುದು ಹಾಗೂ ಆಕ್ಸಿಲರೇಟರ್ ಒತ್ತದಿರುವಾಗ ಸ್ಥಿರವಾಗಿ ಓಡದೆ ನಿಂತುಹೋಗುವುದು ಸಾಮಾನ್ಯವಾಗಿ ಕಂಡುಬರುವ ದೋಷಗಳಾಗಿವೆ. ಭಾರತದಲ್ಲಿ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಮತ್ತು 1983ರಲ್ಲಿ ಮಾರುಕಟ್ಟೆಗೆ ಬಂದ ಮಾರುತಿ 800 ಕಾರುಗಳು ಕಾರ್ಬ್ಯುರೇಟರ್ ಬಳಸುತ್ತಿದ್ದವು. ಮಾಲಿನ್ಯ ನಿಯಮಗಳು ಬಿಗಿಯಾದಂತೆ ಇದರ ಸ್ಥಾನವನ್ನು ಇಂಧನ ಇಂಜೆಕ್ಷನ್ ವ್ಯವಸ್ಥೆಯು ಪಡೆದುಕೊಂಡಿತು.

ಕಾರ್ಯವಿಧಾನ

ಒಂದು ಭಾಗ ಪೆಟ್ರೋಲ್ ಪೂರ್ಣವಾಗಿ ಉರಿಯಲು ತೂಕದಲ್ಲಿ ಸುಮಾರು 14.7 ಭಾಗ ಗಾಳಿ ಬೇಕು. ತಣ್ಣಗಿರುವ ಎಂಜಿನ್‌ನಲ್ಲಿ ಪೆಟ್ರೋಲ್ ಸರಿಯಾಗಿ ಆವಿಯಾಗದ ಕಾರಣ, ಚೋಕ್ ಗಾಳಿಯನ್ನು ತಡೆದು ಮಿಶ್ರಣದಲ್ಲಿ ಪೆಟ್ರೋಲಿನ ಪ್ರಮಾಣವನ್ನು ಹೆಚ್ಚಿಸುತ್ತದೆ. ಐಡ್ಲಿಂಗ್ ಸ್ಥಿತಿಯಲ್ಲಿ ಥ್ರಾಟಲ್ ಬಹುಮಟ್ಟಿಗೆ ಮುಚ್ಚಿರುವುದರಿಂದ ಪೆಟ್ರೋಲ್ ಮುಖ್ಯ ಜೆಟ್‌ನ ಬದಲು ಅತಿ ಕಿರಿದಾದ ಐಡಲ್ ಜೆಟ್‌ನ ಮೂಲಕ ಹರಿಯುತ್ತದೆ.

ಸ್ಟಾರ್ಟಿಂಗ್ ದೋಷಗಳು

ಸ್ಟಾರ್ಟರ್ ಮೋಟಾರ್ ಎಂಜಿನನ್ನು ಚೆನ್ನಾಗಿ ತಿರುಗಿಸಿದರೂ ಎಂಜಿನ್ ಸ್ಟಾರ್ಟ್ ಆಗದಿದ್ದರೆ, ಮೊದಲು ಸ್ಪಾರ್ಕ್ ಪ್ಲಗ್‌ನಲ್ಲಿ ಕಿಡಿ ಬರುತ್ತಿದೆಯೇ, ಬಳಿಕ ಕಾರ್ಬ್ಯುರೇಟರಿಗೆ ಪೆಟ್ರೋಲ್ ತಲುಪುತ್ತಿದೆಯೇ ಎಂದು ಪರೀಕ್ಷಿಸಲಾಗುತ್ತದೆ.

* ಪ್ಲಗ್ ಒದ್ದೆಯಾಗಿದ್ದು ಪೆಟ್ರೋಲ್ ವಾಸನೆ ಬಂದರೆ, ಎಂಜಿನಿಗೆ ಅತಿಯಾದ ಪೆಟ್ರೋಲ್ ಸೇರಿದೆ ಎಂದರ್ಥ. ಆಗ ಚೋಕ್ ತೆರೆದು, ಆಕ್ಸಿಲರೇಟರನ್ನು ಪೂರ್ತಿ ಒತ್ತಿಹಿಡಿದು ಎಂಜಿನ್ ತಿರುಗಿಸಿದರೆ ಹೆಚ್ಚುವರಿ ಪೆಟ್ರೋಲ್ ಹೊರಹೋಗುತ್ತದೆ. ದೋಷ ಮರುಕಳಿಸಿದರೆ ಫ್ಲೋಟ್ ಮತ್ತು ಸೂಜಿ ಕವಾಟವನ್ನು ಪರೀಕ್ಷಿಸಬೇಕಾಗುತ್ತದೆ.
* ಪ್ಲಗ್ ಒಣಗಿದ್ದರೆ ಇಂಧನ ಫಿಲ್ಟರ್, ಪಂಪ್ ಅಥವಾ ಚೋಕ್ ಕೇಬಲ್‌ನಲ್ಲಿ ದೋಷವಿರಬಹುದು.
* ಬಿಸಿ ಎಂಜಿನ್ ಮಾತ್ರ ಸ್ಟಾರ್ಟ್ ಆಗದಿದ್ದರೆ ಪೆಟ್ರೋಲ್ ಕೊಳವೆಯಲ್ಲಿಯೇ ಆವಿಯಾಗಿ ಹರಿವಿಗೆ ತಡೆಯಾಗಿರಬಹುದು. ಎಂಜಿನ್ ತಣಿದಾಗ ಇದು ಸರಿಹೋಗುತ್ತದೆ.

ಐಡ್ಲಿಂಗ್ ದೋಷಗಳು

ವೇಗದಲ್ಲಿ ಚೆನ್ನಾಗಿ ಓಡುವ ಎಂಜಿನ್, ಆಕ್ಸಿಲರೇಟರ್ ಬಿಟ್ಟೊಡನೆ ನಿಂತರೆ ಐಡಲ್ ಜೆಟ್ ಕಸದಿಂದ ಕಟ್ಟಿಕೊಂಡಿರುವ ಸಾಧ್ಯತೆ ಹೆಚ್ಚು. ಕೆಲವು ಕಾರ್ಬ್ಯುರೇಟರ್‌ಗಳಲ್ಲಿ ಈ ಮಾರ್ಗವನ್ನು ನಿಯಂತ್ರಿಸುವ ಸೊಲೆನಾಯ್ಡ್ ಕವಾಟದ ತಂತಿ ಕಳಚಿದರೂ ಇದೇ ಲಕ್ಷಣ ಕಾಣಿಸಿಕೊಳ್ಳುತ್ತದೆ. ಬಿಸಿಯಾದ ಎಂಜಿನ್‌ನಲ್ಲಿ ಚೋಕನ್ನು ಸ್ವಲ್ಪ ಎಳೆದಾಗ ಓಟ ಸುಧಾರಿಸಿದರೆ ಮಿಶ್ರಣದಲ್ಲಿ ಗಾಳಿ ಹೆಚ್ಚಾಗಿದೆ ಎಂದು ತಿಳಿಯಬಹುದು. ಒಡೆದ ನಿರ್ವಾತ ಕೊಳವೆ ಅಥವಾ ಹಾಳಾದ ಗ್ಯಾಸ್ಕೆಟ್ ಇದಕ್ಕೆ ಕಾರಣವಾಗಿರಬಹುದು.

ಹೊಂದಾಣಿಕೆ

ಇಗ್ನಿಷನ್ ಟೈಮಿಂಗ್, ಕವಾಟಗಳ ಅಂತರ ಮತ್ತು ಏರ್ ಫಿಲ್ಟರ್ ಸರಿಯಿದ್ದಾಗ ಮಾತ್ರ ಕಾರ್ಬ್ಯುರೇಟರ್ ಹೊಂದಾಣಿಕೆ ಫಲ ನೀಡುತ್ತದೆ. ಎಂಜಿನ್ ಪೂರ್ತಿ ಬಿಸಿಯಾದ ಬಳಿಕ ಐಡಲ್ ಸ್ಕ್ರೂವಿನಿಂದ ವೇಗವನ್ನೂ, ಮಿಶ್ರಣದ ಸ್ಕ್ರೂವಿನಿಂದ ಓಟದ ನಯವನ್ನೂ ಪರ್ಯಾಯವಾಗಿ ಹೊಂದಿಸಲಾಗುತ್ತದೆ. ವೇಗವು ತಯಾರಕರ ಕೈಪಿಡಿಯಲ್ಲಿ ಸೂಚಿಸಿದ ಮಟ್ಟದಲ್ಲಿರಬೇಕು. ಗಾಳಿ ಸೋರಿಕೆಯನ್ನು ಸರಿಪಡಿಸದೆ ಸ್ಕ್ರೂ ತಿರುಗಿಸಿ ವೇಗ ಹೆಚ್ಚಿಸಿದರೆ ದೋಷ ಮರೆಯಾಗುತ್ತದೆಯೇ ಹೊರತು ನಿವಾರಣೆಯಾಗುವುದಿಲ್ಲ.

ಸುರಕ್ಷತೆ

ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಬಣ್ಣ, ವಾಸನೆಗಳಿಲ್ಲದ ವಿಷಾನಿಲವಾದುದರಿಂದ ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಓಡಿಸುವುದು ಪ್ರಾಣಾಪಾಯಕಾರಿ. ಕಾರ್ಬ್ಯುರೇಟರಿನ ಬಾಯಿಗೆ ಪೆಟ್ರೋಲ್ ಸುರಿದು ಸ್ಟಾರ್ಟ್ ಮಾಡುವ ರೂಢಿಯೂ ಅಪಾಯಕಾರಿಯಾಗಿದ್ದು, ಎಂಜಿನಿನಿಂದ ಹಿಮ್ಮುಖವಾಗಿ ಚಿಮ್ಮುವ ಜ್ವಾಲೆಯಿಂದ ಬೆಂಕಿ ಹೊತ್ತಿಕೊಳ್ಳಬಹುದು.