ಮೇರು ಪ್ರಸ್ತಾರದಿಂದ ಆಂಟೆನಾ ಸಾಲಿನವರೆಗೆ



ಅಧ್ಯಾಪನ ವೃತ್ತಿಯ ಅಷ್ಟು ವರ್ಷಗಳಲ್ಲಿ ನಾನು ಸಾವಿರಾರು ಪ್ರಶ್ನೆಗಳಿಗೆ ಉತ್ತರ ಹೇಳಿದ್ದೇನೆ. ಅವುಗಳಲ್ಲಿ ಬಹುಪಾಲು ಮರೆತುಹೋಗಿವೆ. ಉತ್ತರ ಹೇಳದೆ ತಪ್ಪಿಸಿಕೊಂಡ ಒಂದು ಪ್ರಶ್ನೆ ಮಾತ್ರ ಇಂದಿಗೂ ಕಾಡುತ್ತಿದೆ. ಅದರ ಉತ್ತರವನ್ನು ಈಗ ಬರೆದಿಡುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

1986ನೆಯ ಇಸವಿ. ಪಿಯುಸಿ ತರಗತಿಯಲ್ಲಿ ದ್ವಿಪದ ಪ್ರಮೇಯವನ್ನು ಮುಗಿಸಿ ತ್ರಿಕೋನಮಿತಿಗೆ ಬಂದಿದ್ದೆ. ಕಪ್ಪುಹಲಗೆಯ ಒಂದು ಬದಿಯಲ್ಲಿ 1, 4, 6, 4, 1 ಎಂಬ ಗುಣಾಂಕಗಳು ಇನ್ನೂ ಅಳಿಸದೆ ಉಳಿದಿದ್ದವು. ಇನ್ನೊಂದು ಬದಿಯಲ್ಲಿ ಕಾಸ್ 3ಅ = 4 ಕಾಸ್³ಅ − 3 ಕಾಸ್ ಅ ಎಂಬ ಸೂತ್ರವನ್ನು ಸಾಧಿಸುತ್ತಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದುನಿಂತು, "ಸಾರ್, ಇದರಿಂದ ಏನು ಉಪಯೋಗ?" ಎಂದು ಕೇಳಿದ. ಅವನ ದನಿಯಲ್ಲಿ ಉದ್ಧಟತನವಿರಲಿಲ್ಲ. ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಒಪ್ಪಿಕೊಳ್ಳುವ ಧೈರ್ಯವೂ ಇರಲಿಲ್ಲ. "ಪರೀಕ್ಷೆಯಲ್ಲಿ ಐದು ಅಂಕ ಸಿಗುತ್ತದೆ, ಕುಳಿತುಕೋ" ಎಂದೆ. ತರಗತಿ ಗೊಳ್ಳೆಂದು ನಕ್ಕಿತು. ಆ ವರ್ಷವಿಡೀ ಅವನು ಮತ್ತೆ ಕೈ ಎತ್ತಲಿಲ್ಲ.

ಆ ಹುಡುಗ ಸಂಜೆಯ ಹೊತ್ತು ಪೇಟೆಯ ರೇಡಿಯೊ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ. ಊರಿಗೆ ದೂರದರ್ಶನ ಹೊಸದಾಗಿ ಬಂದಿದ್ದ ಕಾಲವದು. ಮನೆಮನೆಯ ಹೆಂಚಿನ ಮೇಲೆ ಹತ್ತಿ, ಮೀನಿನ ಮುಳ್ಳಿನಂತಹ ಆಂಟೆನಾವನ್ನು ಹಿಡಿದು, "ಬಂತಾ? ಈಗ ಬಂತಾ?" ಎಂದು ಅವನು ಕೂಗುತ್ತಿದ್ದುದನ್ನು ನಿಮ್ಮಲ್ಲಿ ಕೆಲವರಾದರೂ ಕಂಡಿರಬೇಕು. ಅವನ ಪ್ರಶ್ನೆಗೆ ಉತ್ತರ ಅವನ ಕೈಯಲ್ಲೇ ಇತ್ತು ಎಂಬುದು ನನಗೆ ತಿಳಿದದ್ದು ನಿವೃತ್ತಿಯ ನಂತರ, ಬಿಡುವಿನ ಓದಿನಲ್ಲಿ.

ವಿಷಯವನ್ನು ಮೊದಲಿನಿಂದ ಹೇಳುತ್ತೇನೆ. ನೆಟ್ಟಗೆ ನಿಲ್ಲಿಸಿದ ಒಂಟಿ ಸರಳಿನ ಆಂಟೆನಾ ತನ್ನ ಸುತ್ತಲೂ ಸಮನಾಗಿ ರೇಡಿಯೊ ಅಲೆಗಳನ್ನು ಚೆಲ್ಲುತ್ತದೆ. ಸ್ವೀಕರಿಸುವಾಗಲೂ ಹಾಗೆಯೇ, ಸುತ್ತಲಿನದೆಲ್ಲವನ್ನೂ ಕೇಳಿಸಿಕೊಳ್ಳುತ್ತದೆ. ಒಂದೇ ದಿಕ್ಕಿಗೆ ಕಳುಹಿಸಬೇಕಾದರೆ, ಅಥವಾ ಒಂದೇ ದಿಕ್ಕಿನಿಂದ ಆಲಿಸಬೇಕಾದರೆ, ಹಲವು ಸರಳುಗಳನ್ನು ಸಾಲಾಗಿ ನಿಲ್ಲಿಸಬೇಕು. ಕೆರೆಯ ನೀರಿಗೆ ಎರಡು ಕಲ್ಲುಗಳನ್ನು ಒಟ್ಟಿಗೆ ಎಸೆದರೆ ಅಲೆಗಳು ಕೆಲವೆಡೆ ಕೂಡಿಕೊಂಡು ಎತ್ತರವಾಗುತ್ತವೆ, ಕೆಲವೆಡೆ ಒಂದನ್ನೊಂದು ಅಳಿಸಿಹಾಕುತ್ತವೆ. ಇಲ್ಲಿಯೂ ಅದೇ ನಡೆಯುತ್ತದೆ. ಎರಡು ಸರಳುಗಳನ್ನು ಅರ್ಧ ತರಂಗದೂರದ ಅಂತರದಲ್ಲಿಟ್ಟು ಸಮನಾದ ವಿದ್ಯುತ್ತನ್ನು ಒಂದೇ ಲಯದಲ್ಲಿ ಹರಿಸಿದರೆ, ಸಾಲಿಗೆ ಲಂಬವಾದ ದಿಕ್ಕಿನಲ್ಲಿ ಅಲೆಗಳು ಕೂಡುತ್ತವೆ. ಸಾಲಿನ ಉದ್ದಕ್ಕೆ ಪೂರ್ಣವಾಗಿ ಅಳಿಯುತ್ತವೆ.

ಎರಡರ ಬದಲು ಹತ್ತು ಸರಳುಗಳಿದ್ದರೆ ಕಿರಣ ಇನ್ನಷ್ಟು ಚೂಪಾಗುತ್ತದೆ. ಆದರೆ ಎಲ್ಲಕ್ಕೂ ಸಮನಾದ ವಿದ್ಯುತ್ತನ್ನು ಕೊಟ್ಟಾಗ ಒಂದು ತೊಂದರೆ ತಲೆದೋರುತ್ತದೆ. ಅಲೆಯ ಬಲವನ್ನು ದಿಕ್ಕಿಗನುಗುಣವಾಗಿ ಕಾಗದದ ಮೇಲೆ ಬಿಡಿಸಿದರೆ ಹೂವಿನ ದಳಗಳಂತಹ ಚಿತ್ರ ಮೂಡುತ್ತದೆ. ನಡುವಿನ ದೊಡ್ಡ ದಳ ನಮಗೆ ಬೇಕಾದದ್ದು. ಅದರ ಇಕ್ಕೆಲಗಳಲ್ಲಿ ಚಿಕ್ಕ ದಳಗಳೂ ಇರುತ್ತವೆ. ಇಂಜಿನಿಯರುಗಳು ಅವನ್ನು ಸೈಡ್ ಲೋಬ್ ಎನ್ನುತ್ತಾರೆ, ನಾವು ಪಕ್ಕದಳವೆನ್ನೋಣ. ಸಮನಾದ ಹಂಚಿಕೆಯ ಉದ್ದನೆಯ ಸಾಲಿನಲ್ಲಿ ಮೊದಲ ಪಕ್ಕದಳದ ಶಕ್ತಿ ಮುಖ್ಯದಳದ ಸುಮಾರು 20ರಲ್ಲಿ ಒಂದು ಪಾಲು. ಇದೇನು ಮಹಾ ಎನ್ನಬೇಡಿ. ರೇಡಾರಿನಲ್ಲಿ ಪಕ್ಕದಳಕ್ಕೆ ಸಿಕ್ಕ ಗುಡ್ಡವೊಂದು ಎದುರಿಗೇ ವಿಮಾನ ಬಂದಂತೆ ತೋರಬಹುದು.

ಈ ತೊಂದರೆಗೆ 1920ರ ದಶಕದಲ್ಲಿ ಅಮೆರಿಕದ ಜಾನ್ ಸ್ಟೋನ್ ಸ್ಟೋನ್ ಎಂಬ ಇಂಜಿನಿಯರ್ ಸೊಗಸಾದ ಪರಿಹಾರ ಸೂಚಿಸಿದರು. ಎರಡು ಸರಳುಗಳ ಜೋಡಿಗೆ ಪಕ್ಕದಳವೇ ಇಲ್ಲ ಎಂಬುದನ್ನು ಈಗಷ್ಟೇ ನೋಡಿದೆವು. ಅಂತಹದೇ ಇನ್ನೊಂದು ಜೋಡಿಯನ್ನು ಅರ್ಧ ತರಂಗದೂರ ಸರಿಸಿ ಇಡಿ. ನಡುವಿನ ಎರಡು ಸರಳುಗಳು ಒಂದರ ಮೇಲೊಂದು ಬೀಳುತ್ತವೆ. ಆದ್ದರಿಂದ ವಿದ್ಯುತ್ತಿನ ಪ್ರಮಾಣ 1, 2, 1 ಆಗುತ್ತದೆ. ಮತ್ತೊಮ್ಮೆ ಸರಿಸಿದರೆ 1, 3, 3, 1. ಇನ್ನೊಮ್ಮೆ ಸರಿಸಿದರೆ 1, 4, 6, 4, 1. ಪ್ರತಿ ಸಲವೂ ಚಿತ್ರವು ಮೂಲ ಚಿತ್ರದಿಂದ ಗುಣಿಸಲ್ಪಡುತ್ತದೆ. ಒಂದು ದಿಕ್ಕಿನಲ್ಲಿ ಅರ್ಧವಿದ್ದ ಬಲ ಕಾಲಾಗುತ್ತದೆ, ಕಾಲು ಅರೆಕಾಲಾಗುತ್ತದೆ. ಆದರೆ ಇಲ್ಲದ ಪಕ್ಕದಳ ಎಷ್ಟು ಸಲ ಗುಣಿಸಿದರೂ ಹುಟ್ಟುವುದಿಲ್ಲ. ಅಂದು ಕಪ್ಪುಹಲಗೆಯಲ್ಲಿ ಅಳಿಸದೆ ಉಳಿದಿದ್ದ ಸಂಖ್ಯೆಗಳು ಇವೇ ಅಲ್ಲವೇ?

ಇವನ್ನು ನಾವು ಪಾಸ್ಕಲನ ತ್ರಿಭುಜವೆಂದು ಕಲಿಸುತ್ತೇವೆ. ಪಾಸ್ಕಲನ ಗ್ರಂಥ ಅಚ್ಚಾದದ್ದು 1665ರಲ್ಲಿ. ಅದಕ್ಕಿಂತ ಬಹಳ ಮೊದಲೇ, ಹತ್ತನೆಯ ಶತಮಾನದಲ್ಲಿ, ಪಿಂಗಲನ ಛಂದಃಶಾಸ್ತ್ರಕ್ಕೆ ವ್ಯಾಖ್ಯಾನ ಬರೆದ ಹಲಾಯುಧನು ಇದನ್ನು ಮೇರು ಪ್ರಸ್ತಾರವೆಂಬ ಹೆಸರಿನಲ್ಲಿ ವಿವರಿಸಿದ್ದಾನೆ. ನಾಲ್ಕು ಅಕ್ಷರಗಳ ಪಾದದಲ್ಲಿ ಲಘುವೇ ಇಲ್ಲದ ವಿನ್ಯಾಸ ಒಂದು, ಒಂದು ಲಘುವಿರುವವು ನಾಲ್ಕು, ಎರಡಿರುವವು ಆರು, ಮೂರಿರುವವು ನಾಲ್ಕು, ಎಲ್ಲವೂ ಲಘುವಾಗಿರುವುದು ಒಂದು. ಹಳಗನ್ನಡದ ಪಾಠದಲ್ಲಿ ಪದ್ಯಕ್ಕೆ ಪ್ರಸ್ತಾರ ಹಾಕಿ ಗುರು ಲಘು ಗುರುತಿಸಿದ ನೀವೆಲ್ಲರೂ ಈ ಎಣಿಕೆಯ ಹೊಸ್ತಿಲಿನವರೆಗೆ ಹೋಗಿ ಬಂದವರೇ. ನಮ್ಮವರಿಗೆ ಆಂಟೆನಾ ಗೊತ್ತಿತ್ತೆಂದು ನಾನು ಹೇಳುತ್ತಿಲ್ಲ, ಅಂತಹ ಮಾತು ಅಸಂಬದ್ಧ. ಛಂದಸ್ಸನ್ನು ಎಣಿಸಲು ಹುಟ್ಟಿದ ಸಂಖ್ಯೆಗಳು ಅಲೆಗಳನ್ನು ಎಣಿಸಲೂ ಒದಗಿದವು ಎಂಬುದಷ್ಟೇ ನನಗೆ ಬೆರಗು ತಂದ ಸಂಗತಿ.

ಆದರೆ ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಮೇರುವಿನ ಸೌಂದರ್ಯಕ್ಕೆ ದುಬಾರಿ ಬೆಲೆ ತೆರಬೇಕು. ಹತ್ತು ಸರಳುಗಳ ಸಾಲಿಗೆ ಪ್ರಮಾಣವು 1, 9, 36, 84, 126, 126, 84, 36, 9, 1 ಎಂದಾಗುತ್ತದೆ. ನಡುವಿನ ಸರಳು ತುದಿಯ ಸರಳಿಗಿಂತ 126 ಪಟ್ಟು ವಿದ್ಯುತ್ತನ್ನು ಹೊರಬೇಕು. ಒಟ್ಟು ಮೊತ್ತ 512ರಲ್ಲಿ ನಡುವಿನ ನಾಲ್ಕರ ಪಾಲೇ 420. ತುದಿಯವು ಹೆಸರಿಗೆ ಮಾತ್ರ ನಿಂತಿರುತ್ತವೆ. ಸಾಲು ಉದ್ದವಾಗಿದ್ದರೂ ಗಿಡ್ಡ ಸಾಲಿನಂತೆ ವರ್ತಿಸುತ್ತದೆ, ಮುಖ್ಯದಳ ಅಗಲವಾಗುತ್ತದೆ. ಪಕ್ಕದಳವನ್ನು ಕಳೆದುಕೊಳ್ಳಲು ಹೋಗಿ ಚೂಪನ್ನೇ ಕಳೆದುಕೊಂಡಂತಾಯಿತು.

ಹಾಗಾದರೆ ಸಮಪಾಲಿಗೂ ಮೇರುವಿಗೂ ನಡುವೆ ಅತ್ಯುತ್ತಮವಾದ ಹಂಚಿಕೆ ಯಾವುದು? ದಾರಿ ತೆರೆದವರು ಸೆರ್ಗೆ ಶೆಲ್ಕುನಾಫ್. ರಷ್ಯಾದಲ್ಲಿ ಹುಟ್ಟಿ ಅಮೆರಿಕಕ್ಕೆ ವಲಸೆ ಬಂದ ಈ ಗಣಿತಜ್ಞರು ಬೆಲ್ ಪ್ರಯೋಗಾಲಯದಲ್ಲಿದ್ದರು. ಸಮಾನ ಅಂತರದ ಪ್ರತಿಯೊಂದು ಸಾಲನ್ನೂ ಒಂದು ಬಹುಪದೋಕ್ತಿಯಾಗಿ ಬರೆಯಬಹುದು, ವಿದ್ಯುತ್ತಿನ ಪ್ರಮಾಣಗಳೇ ಅದರ ಗುಣಾಂಕಗಳು ಎಂದು 1943ರಲ್ಲಿ ತೋರಿಸಿದರು. ಅಲ್ಲಿಂದಾಚೆಗೆ ಸಾಲನ್ನು ವಿನ್ಯಾಸಗೊಳಿಸುವುದೆಂದರೆ ತಕ್ಕ ಬಹುಪದೋಕ್ತಿಯನ್ನು ಹುಡುಕುವುದೆಂದಾಯಿತು.

ಆ ಬಹುಪದೋಕ್ತಿಯನ್ನು 1946ರಲ್ಲಿ ಚಾರ್ಲ್ಸ್ ಡಾಲ್ಫ್ ಎಂಬ ಗಣಿತಜ್ಞರು ಗುರುತಿಸಿದರು. ಸಮ್ಮಿತಿಯ ಪಾತ್ರ ಇಲ್ಲಿ ನಿಚ್ಚಳವಾಗುತ್ತದೆ. ಸಾಲಿನ ಎಡಬಲಗಳಲ್ಲಿ ಪ್ರಮಾಣಗಳು ಸಮನಾಗಿದ್ದರೆ, ಮಧ್ಯದಿಂದ ಒಂದೇ ದೂರದಲ್ಲಿರುವ ಎರಡು ಸರಳುಗಳಲ್ಲಿ ಒಂದು ಎಷ್ಟು ಮುಂದಿರುತ್ತದೋ ಇನ್ನೊಂದು ಅಷ್ಟೇ ಹಿಂದಿರುತ್ತದೆ. ಸೈನ್ ಪದಗಳು ಒಂದನ್ನೊಂದು ಕಳೆದುಕೊಂಡು ಕೊಸೈನ್ ಮಾತ್ರ ಉಳಿಯುತ್ತದೆ. ಹತ್ತು ಸರಳುಗಳ ಐದು ಜೋಡಿಗಳಿಂದ ಕಾಸ್ ಅ, ಕಾಸ್ 3ಅ, ಕಾಸ್ 5ಅ, ಕಾಸ್ 7ಅ, ಕಾಸ್ 9ಅ ದೊರೆಯುತ್ತವೆ. ಕಾಸ್ 3ಅ ಎಂದರೆ 4 ಕಾಸ್³ಅ − 3 ಕಾಸ್ ಅ. ಉಳಿದವೂ ಹೀಗೆಯೇ ಕಾಸ್ ಅ ಎಂಬುದರ ಬಹುಪದೋಕ್ತಿಗಳು. ನಾನು ಐದು ಅಂಕದ ಬೆಲೆ ಕಟ್ಟಿದ್ದು ಈ ಸೂತ್ರಕ್ಕೆ.

ಕಾಸ್ ಅ ಬದಲು ಕ ಎಂದು ಬರೆಯೋಣ. 4ಕ³ − 3ಕ ಎಂಬುದು ರಷ್ಯಾದ ಚೆಬಿಶೆವ್ ಅವರ ಹೆಸರಿನ ಬಹುಪದೋಕ್ತಿಗಳಲ್ಲಿ ಮೂರನೆಯದು. ಕ ಬೆಲೆ −1ರಿಂದ 1ರವರೆಗೆ ಇರುವಷ್ಟು ಕಾಲ ಇದು −1 ಮತ್ತು 1ರ ನಡುವೆ ಒಂದೇ ಎತ್ತರಕ್ಕೆ ತೂಗಾಡುತ್ತದೆ. 1 ದಾಟಿದೊಡನೆ ಭರದಿಂದ ಏರುತ್ತದೆ. ಕ = 1.5 ಆದಾಗ 9, ಕ = 2 ಆದಾಗ 26. ಪಕ್ಕದಳಗಳನ್ನೆಲ್ಲ ಆ ತೂಗಾಟದ ಭಾಗದಲ್ಲಿ ಕಟ್ಟಿಹಾಕಿ, ಮುಖ್ಯದಳವನ್ನು ಏರಿನ ಭಾಗದಲ್ಲಿ ನಿಲ್ಲಿಸುವುದೇ ಡಾಲ್ಫ್ ಅವರ ಯುಕ್ತಿ. ಎಲ್ಲ ಪಕ್ಕದಳಗಳೂ ಒಂದೇ ಎತ್ತರ. ಆ ಎತ್ತರಕ್ಕೆ ಒಪ್ಪಿದ ಮೇಲೆ ಮುಖ್ಯದಳ ಸಾಧ್ಯವಾದಷ್ಟು ಚೂಪು. ಪಕ್ಕದಳದ ಶಕ್ತಿ 400ರಲ್ಲಿ ಒಂದು ಪಾಲು ಸಾಕೆಂದರೆ, ಹತ್ತು ಸರಳುಗಳಿಗೆ ತುದಿಯಿಂದ ನಡುವಿಗೆ 1, 1.357, 1.974, 2.496, 2.798 ಎಂಬ ಪ್ರಮಾಣ ಬರುತ್ತದೆ. 126 ಪಟ್ಟಿನ ಅಂತರ ಮೂರು ಪಟ್ಟಿಗಿಂತಲೂ ಕಡಿಮೆಯಾಯಿತು! ಮರುವರ್ಷವೇ ಹೆನ್ರಿ ರಿಬ್ಲೆಟ್ ಎಂಬವರು, ಸರಳುಗಳ ಅಂತರ ಅರ್ಧ ತರಂಗದೂರಕ್ಕಿಂತ ಕಡಿಮೆಯಾದರೆ ಈ ಹಂಚಿಕೆ ಅತ್ಯುತ್ತಮವಲ್ಲವೆಂದು ತೋರಿಸಿದರು. ವಿದ್ಯೆ ಬೆಳೆಯುವುದು ಹೀಗೆ, ಎದ್ದುನಿಂತು ಕೇಳುವವರಿಂದ.

ಚೆಬಿಶೆವ್ ಅವರಿಗೆ ಈ ಬಹುಪದೋಕ್ತಿಗಳು ಹೊಳೆದದ್ದು ಎಲ್ಲಿ ಗೊತ್ತೇ? ಉಗಿಯಂತ್ರದ ಸಂದುಗೋಲುಗಳು ಸರಳರೇಖೆಗೆ ಎಷ್ಟು ಹತ್ತಿರವಾಗಿ ಚಲಿಸಬಲ್ಲವು ಎಂಬ ವಿಚಾರದಲ್ಲಿ, 1854ರಲ್ಲಿ. ರೇಡಿಯೊ ಅಲೆಗಳನ್ನು ಅದುವರೆಗೆ ಯಾರೂ ಕಂಡಿರಲಿಲ್ಲ.

ಪ್ರಮಾಣ, ಸಮ್ಮಿತಿಗಳ ಇನ್ನೆರಡು ಉಪಕಾರಗಳನ್ನು ನಮ್ಮ ನಾಡಿನಲ್ಲೇ ಕಾಣಬಹುದು. ಬೆಂಗಳೂರಿನಿಂದ ಉತ್ತರಕ್ಕೆ ಸುಮಾರು 100 ಕಿಲೋಮೀಟರ್ ದೂರದ ಗೌರಿಬಿದನೂರಿನ ಬಳಿ, ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆಗಳು 1970ರ ದಶಕದಲ್ಲಿ ರೇಡಿಯೊ ದೂರದರ್ಶಕವೊಂದನ್ನು ಕಟ್ಟಿದವು. 34.5 ಮೆಗಾಹರ್ಟ್ಸ್ ಆವೃತ್ತಿ, ಅಂದರೆ ಸುಮಾರು 8.7 ಮೀಟರ್ ತರಂಗದೂರ. ಒಟ್ಟು 1000 ಆಂಟೆನಾಗಳು. ಪೂರ್ವ ಪಶ್ಚಿಮವಾಗಿ ಸುಮಾರು 1.4 ಕಿಲೋಮೀಟರ್ ಉದ್ದದ ಸಾಲು, ಅದರ ಮಧ್ಯದಿಂದ ದಕ್ಷಿಣಕ್ಕೆ ಸುಮಾರು 450 ಮೀಟರ್ ಉದ್ದದ ಇನ್ನೊಂದು ಸಾಲು. ಆಸ್ಟ್ರೇಲಿಯಾದ ಬರ್ನಾರ್ಡ್ ಮಿಲ್ಸ್ 1954ರಲ್ಲಿ ಸಿಡ್ನಿಯ ಬಳಿ ಕಟ್ಟಿದ ಮೊದಲ ದೊಡ್ಡ ವಿನ್ಯಾಸ ಪೂರ್ಣ ಶಿಲುಬೆಯ ಆಕಾರದ್ದು. ಗೌರಿಬಿದನೂರಿನಲ್ಲಿ ಉತ್ತರದ ಬಾಹುವನ್ನೇ ಕೈಬಿಟ್ಟರು. ಎರಡು ಆಂಟೆನಾಗಳ ಸಂಕೇತಗಳನ್ನು ಹೋಲಿಸಿದಾಗ ಸಿಗುವ ಮಾಹಿತಿ ಅವುಗಳ ನಡುವಿನ ದೂರ ಮತ್ತು ದಿಕ್ಕನ್ನು ಅವಲಂಬಿಸಿರುತ್ತದೆ. ದಿಕ್ಕನ್ನು ತಿರುವುಮುರುವು ಮಾಡಿದರೆ ದೊರೆಯುವುದು ಅದೇ ಮಾಹಿತಿಯ ಪ್ರತಿಬಿಂಬ. ದಕ್ಷಿಣದ ಬಾಹು ಹೇಳಿದ್ದನ್ನೇ ಉತ್ತರದ್ದು ಮತ್ತೆ ಹೇಳುತ್ತದೆ. ಸಮ್ಮಿತಿಯನ್ನು ಬಲ್ಲವರಿಗೆ ಒಂದು ಬಾಹುವಿನ ಖರ್ಚು ಉಳಿಯಿತು.

ಅಲ್ಲಿಯೇ 1997ರಲ್ಲಿ ಸೂರ್ಯನನ್ನು ವೀಕ್ಷಿಸುವ ರೇಡಿಯೊ ಹೀಲಿಯೋಗ್ರಾಫ್ ಕಾರ್ಯಾರಂಭ ಮಾಡಿತು. 40ರಿಂದ 150 ಮೆಗಾಹರ್ಟ್ಸ್‌ವರೆಗೆ ಕೆಲಸಮಾಡುವಂತೆ ಕಟ್ಟಿದ ಅದರಲ್ಲಿದ್ದ 192 ಆಂಟೆನಾಗಳು ಲಾಗ್ ಪೀರಿಯಾಡಿಕ್ ಎಂಬ ಜಾತಿಯವು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1950ರ ದಶಕದ ಕೊನೆಯಲ್ಲಿ ರೂಪುಗೊಂಡ ಈ ವಿನ್ಯಾಸದಲ್ಲಿ ಸರಳುಗಳ ಉದ್ದವೂ ಅಂತರವೂ ಗುಣೋತ್ತರ ಶ್ರೇಢಿಯಲ್ಲಿ ಇಳಿಯುತ್ತವೆ. ಮೊದಲನೆಯದರ 0.9 ಪಾಲು ಎರಡನೆಯದಾದರೆ, ಎರಡನೆಯದರ 0.9 ಪಾಲು ಮೂರನೆಯದು. ಆವೃತ್ತಿ ಬದಲಾದಾಗ ಆಯಾ ತರಂಗದೂರಕ್ಕೆ ಹೊಂದುವ ಸರಳುಗಳು ದುಡಿಯುತ್ತವೆ. ಅನುಪಾತ ಒಂದೇ ಆದ್ದರಿಂದ ಅಲೆಯ ಕಣ್ಣಿಗೆ ಆಂಟೆನಾ ಹೆಚ್ಚುಕಡಿಮೆ ಹಾಗೆಯೇ ಕಾಣುತ್ತದೆ.

ಇಷ್ಟು ಓದಿದ ಮೇಲೆ ನನಗೆ ಉಳಿದದ್ದು ಸಂತೋಷಕ್ಕಿಂತ ಹೆಚ್ಚಾಗಿ ಪಶ್ಚಾತ್ತಾಪ. ಅಂದು "ನನಗೂ ಗೊತ್ತಿಲ್ಲ ಕಣಪ್ಪ, ಇಬ್ಬರೂ ಹುಡುಕೋಣ" ಎಂದಿದ್ದರೆ ಸಾಕಿತ್ತು. ಹೆಂಚಿನ ಮೇಲೆ ಆಂಟೆನಾ ತಿರುಗಿಸುತ್ತ ಮುಖ್ಯದಳವನ್ನು ಬೆರಳಿನಿಂದಲೇ ಹುಡುಕುತ್ತಿದ್ದ ಹುಡುಗನಿಗೆ, ಅದರ ಗಣಿತ ನನಗಿಂತ ಬೇಗ ಅರ್ಥವಾಗುತ್ತಿತ್ತೋ ಏನೋ. ನಿಮ್ಮಲ್ಲಿ ಹಲವರು ಈಗ ಅಧ್ಯಾಪಕರಾಗಿದ್ದೀರಿ, ತಂದೆತಾಯಿಯರಾಗಿದ್ದೀರಿ. ಮಗುವೊಂದು "ಇದರಿಂದ ಏನು ಉಪಯೋಗ?" ಎಂದು ಕೇಳಿದಾಗ ದಯವಿಟ್ಟು ಅಂಕದ ಲೆಕ್ಕ ಹೇಳಬೇಡಿ.

ಆ ಹುಡುಗ ಈಗ ಐವತ್ತು ದಾಟಿದ ಗೃಹಸ್ಥನಿರಬೇಕು. ಎಲ್ಲಿದ್ದಾನೋ ತಿಳಿಯದು. ಇದನ್ನು ಅವನು ಓದಿದರೆ, ತಡವಾದದ್ದಕ್ಕೆ ಕ್ಷಮೆ ಇರಲಿ.

ಇಂತಿ ನಿಮ್ಮ ಮೇಷ್ಟ್ರು